ಶಾಲು, ಪೇಟ ಸರಿ, ಕ್ರೆಡಿಟ್ ಎಲ್ಲಿ?

ನಾನಿರುವುದು ಜರ್ಮನಿಯ ಆಖೆನ್‌ನಲ್ಲಿ. ಬಸ್ ಹತ್ತಿದರೆ ಅರ್ಧ ಗಂಟೆಯಲ್ಲಿ ನೆದರ್ಲೆಂಡ್ಸ್, ಹಾಗಾಗಿ ಇಲ್ಲಿಯ ಹುಡುಗರಿಗೆ ಇನ್ನೊಂದು ದೇಶ ಅಂದರೆ ದೊಡ್ಡ ವಿಷಯವೇ ಅಲ್ಲ. ಪಕ್ಕದ ಮನೆಯ ಹುಡುಗಿ ಒಂದು ಸೆಮಿಸ್ಟರ್ ಸ್ಪೇನಿನಲ್ಲಿ ಓದಿ ಬಂದಳು. ಅಲ್ಲಿ ಯಾವ ವಿಷಯ ಓದುತ್ತಾಳೆ, ಅದು ಇಲ್ಲಿಯ ಯಾವ ವಿಷಯಕ್ಕೆ ಸಮ, ಎಷ್ಟು ಕ್ರೆಡಿಟ್ (ಓದಿನ ಹೊರೆಯ ಅಳತೆ) ಅಂತ ಹೊರಡುವ ಮೊದಲೇ ಬರೆದು ಅವಳೂ ಎರಡೂ ಕಡೆಯ ಯೂನಿವರ್ಸಿಟಿಯವರೂ ಸಹಿ ಹಾಕಿದ್ದರು. ಲರ್ನಿಂಗ್ ಅಗ್ರಿಮೆಂಟ್ ಅಂತಾರೆ ಅದಕ್ಕೆ. ಅಲ್ಲಿ ಫೀಸೂ ಇಲ್ಲ, ಮೇಲೆ ತಿಂಗಳಿಗಿಷ್ಟು ಅಂತ ಹಣ. ಇದು ಎರಾಸ್ಮಸ್, ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ. 1987ರಲ್ಲಿ 11 ದೇಶಗಳು, 3,244 ವಿದ್ಯಾರ್ಥಿಗಳಿಂದ ಶುರುವಾಗಿದ್ದು. ಹಣಕ್ಕಿಂತ ನನಗೆ ಮುಖ್ಯ ಅನಿಸುವುದು ಆ ಲೆಕ್ಕ: ಒಂದು ವರ್ಷದ ಓದು ಅಂದರೆ 60 ಕ್ರೆಡಿಟ್, ಯುರೋಪಿನ ಈ ಲೆಕ್ಕ ಒಪ್ಪಿದ ಯಾವ ದೇಶದಲ್ಲಾದರೂ.

ಈಗ ನಮ್ಮಕ್ಕನ ಮಗನ ಕಥೆ. ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಒಂದು ಸೆಮಿಸ್ಟರ್‌ಗೆ ಜರ್ಮನಿಗೆ ಬಂದಿದ್ದ. ಇಲ್ಲಿ ಕ್ಲಾಸು ಶುರುವಾಗುವುದು ಅಕ್ಟೋಬರ್‌ನಲ್ಲಿ, ಪರೀಕ್ಷೆ ಮುಗಿಯುವಾಗ ಮಾರ್ಚ್. ಅಷ್ಟರಲ್ಲಿ ಊರಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿ ಅವನಿಗೆ ಅಟೆಂಡೆನ್ಸ್ ಶಾರ್ಟೇಜ್! ಮಾರ್ಕ್ಸ್ ಕಾರ್ಡ್ ತೋರಿಸಿದರೆ ಆಫೀಸಿನವರು '1.7 ಅಂದ್ರೆ ಫೇಲಾ?' ಅಂತ ಕೇಳಿದರಂತೆ. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 4 ದಾಟಿದರೆ ಫೇಲ್. 'ಮಾವ, ಪಾಸಾಗಿದ್ದನ್ನೇ ಮತ್ತೆ ಬರೀಬೇಕಂತೆ' ಅಂತ ಫೋನ್ ಮಾಡಿದ. ಎರಡು ಪೇಪರ್ ಬರೆದ ಪಾಪ.

ಅದೇ ಕಾಲೇಜಿನಲ್ಲಿ ವಿನಿಮಯದ ಒಪ್ಪಂದಕ್ಕೆ (ಎಂಒಯು) ಸಹಿಯಾದ ದಿನ ಜರ್ಮನ್ ಪ್ರೊಫೆಸರಿಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಗಂಧದ ಹಾರ ಹಾಕಿ ಫೋಟೊ ತೆಗೆಸಿದ್ದರು. ನಾನು ಅದನ್ನು ಗೇಲಿ ಮಾಡುತ್ತಿಲ್ಲ. ಇಲ್ಲಿಗೆ ಬಂದ ಹುಡುಗನನ್ನು ಒಬ್ಬರೂ ಮನೆಗೆ ಊಟಕ್ಕೆ ಕರೆಯುವುದಿಲ್ಲ, ಸ್ಕಾಲರ್‌ಶಿಪ್ ಇಲ್ಲದಿದ್ದರೆ ವೀಸಾಕ್ಕೆ ವರ್ಷಕ್ಕೆ 11,904 ಯೂರೋ (2025ರ ಲೆಕ್ಕ) ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸು ಅಂತಾರೆ. ಇವರ ಅಚ್ಚುಕಟ್ಟೆಲ್ಲ ಯುರೋಪಿನವರಿಗೇ ಜಾಸ್ತಿ, ಅದು ನಿಜ. ಆದರೆ ನಾವು ವಿನಿಮಯವನ್ನು ಅತಿಥಿ ಸತ್ಕಾರ ಅಂದುಕೊಂಡಿದ್ದೇವೆ, ಇವರು ಲೆಕ್ಕ ಅಂದುಕೊಂಡಿದ್ದಾರೆ, ಮತ್ತು ವಿದ್ಯಾರ್ಥಿಗೆ ಬೇಕಾಗಿರುವುದು ಲೆಕ್ಕ. ನಮ್ಮಲ್ಲೂ 2021ರಲ್ಲಿ ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದಿದೆ, ಮರು ವರ್ಷ ಯುಜಿಸಿ ವಿದೇಶಿ ಯೂನಿವರ್ಸಿಟಿಗಳ ಜೊತೆ ಜಂಟಿ ಪದವಿಗೂ ನಿಯಮ ಮಾಡಿತು. ದೆಹಲಿಯ ನಿಯಮ ಕಾಲೇಜಿನ ಗುಮಾಸ್ತರ ಟೇಬಲ್ ತನಕ ಬರಬೇಕಲ್ವಾ?

ಪಕ್ಕದ ಮನೆ ಹುಡುಗಿಗೆ ಈಗ ನಮ್ಮ ಕಡೆ ಹೋಗುವ ಆಸೆ. ಆಗಸ್ಟ್‌ನಲ್ಲಿ ಯಾವ ಯಾವ ವಿಷಯ ಇರುತ್ತದೆ, ತಲಾ ಎಷ್ಟು ಕ್ರೆಡಿಟ್ ಅಂತ ಪಟ್ಟಿ ಕೇಳಿದಳು. ಪರಿಚಯದ ಪ್ರೊಫೆಸರೊಬ್ಬರಿಗೆ ಮೆಸೇಜ್ ಹಾಕಿದೆ. ಐದೇ ನಿಮಿಷಕ್ಕೆ ಉತ್ತರ ಬಂತು: 'ಬರಲಿ ಬಿಡಿ ಸಾರ್, ಎಲ್ಲಾ ನೋಡ್ಕೊಳ್ಳೋಣ, ನಮ್ಮನೇಲೇ ಇರಬಹುದು.'

ಪಟ್ಟಿ ಇನ್ನೂ ಬಂದಿಲ್ಲ.