ದೊಡ್ಡವರು ಕಾರ್ಟೂನ್ ನೋಡಬಾರದಾ?

‘ದೊಡ್ಡವರು ಕಾರ್ಟೂನ್ ನೋಡಿದರೆ ಬುದ್ಧಿ ಬಲಿತಿಲ್ಲ ಎಂದರ್ಥ’ ಅನ್ನುವ ಮೆಸೇಜು ಮೈಸೂರಿನ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂತು. ಸುಮ್ನೆ ಫಾರ್ವರ್ಡ್ ಮಾಡಬೇಡಿ, ಇದು ನಿಜವಲ್ಲ.

ಟಾಮ್ ಅಂಡ್ ಜೆರ್ರಿ 1940ರಲ್ಲಿ ಶುರುವಾದದ್ದೇ ಸಿನಿಮಾ ಥಿಯೇಟರಿಗಾಗಿ. ನೋಡುತ್ತಿದ್ದವರಲ್ಲಿ ದೊಡ್ಡವರೂ ಇದ್ದರು.

ಆಸ್ಟ್ರೇಲಿಯಾದ ‘ಬ್ಲೂಯಿ’ 2018ರಿಂದ ಬರುತ್ತಿದೆ. ಒಂದು ಕಂತು ಸುಮಾರು 7 ನಿಮಿಷ. ಬ್ಲೂಯಿ, ಬಿಂಗೋ ಎಂಬ ನಾಯಿಮರಿಗಳು ಆಟಕ್ಕೆ ಕರೆದರೆ ಸುಸ್ತಾದ ಅಪ್ಪನೂ ಎದ್ದು ಬರುತ್ತಾನೆ. ಮಕ್ಕಳಿಗೆ ಕಾಣುವುದು ಆಟ. ನಮಗೆ ಆ ಅಪ್ಪನ ಸುಸ್ತೇ ಜಾಸ್ತಿ ಕಾಣುತ್ತದೆ, ಅಲ್ವಾ? ಇದನ್ನು ಹುಟ್ಟುಹಾಕಿದ ಜೋ ಬ್ರಮ್ ಕೂಡ ಇಬ್ಬರು ಹೆಣ್ಣುಮಕ್ಕಳ ತಂದೆ.

ಮೊನ್ನೆ ಮಗಳಿಗೆಂದು ಹಾಕಿದ್ದೆ. ಅಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನೋಡಿದರು. ‘ನಿಮ್ಮಪ್ಪನೂ ಹೀಗೇ ಆನೆ ಆಗ್ತಿದ್ರು ಕಣೋ’ ಅಂದರು.