ಪಿಕಾಸೊನ ವಠಾರ

ಪ್ಯಾರಿಸ್ಸಿಗೆ ಹೋಗಿ ಮೊಂಮಾರ್ತ್ರ್ ಗುಡ್ಡ ಹತ್ತದೆ ಬರುವ ಹಾಗಿಲ್ಲ. ಊರಿಗೆ ಬಂದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ. ದೊಡ್ಡ ಗುಡ್ಡವೇನಲ್ಲ, 130 ಮೀಟರ್ ಅಷ್ಟೆ. ಮಂಡಿ ನೋವಿನವರಿಗೆ ಪುಟ್ಟ ರೈಲೂ ಇದೆ. ಮೇಲೆ ಬಿಳಿ ಗುಮ್ಮಟದ ಸಾಕ್ರೆ ಕರ್ ಚರ್ಚು, ಅದರ ಮುಂದೆ ಇಡೀ ಜಗತ್ತಿನ ಸೆಲ್ಫಿ.

ನನಗೆ ಬೇಕಾಗಿದ್ದದ್ದು ಪಿಕಾಸೊ ಇದ್ದ ಮನೆ, ಬಾತೋ ಲಾವ್ವಾರ್. 1904ರಿಂದ 1909ರವರೆಗೆ ಅವನ ಬಿಡಾರ ಅಲ್ಲೇ. ನಮ್ಮ ಹಳೇ ಬೆಂಗಳೂರಿನ ವಠಾರ ನೆನಪಿದೆಯಲ್ವಾ, ಹಾಗೆಯೇ ಇತ್ತಂತೆ. ಬೇಸಿಗೆಯಲ್ಲಿ ಬೇಯುವ, ಚಳಿಗಾಲದಲ್ಲಿ ಕೊರೆಯುವ ಕೋಣೆಗಳು. ಇಡೀ ಕಟ್ಟಡಕ್ಕೆ ಒಂದೇ ನಲ್ಲಿ. 1907ರಲ್ಲಿ ಆತ 'ಅವಿನ್ಯೋಂ ಹೆಂಗಸರು' ಚಿತ್ರ ಬರೆದದ್ದು ಇಲ್ಲೇ. ಎಂಟು ಅಡಿ ಎತ್ತರದ ಚಿತ್ರ ಅದು. ಈಗ ನ್ಯೂಯಾರ್ಕಿನಲ್ಲಿದೆ. ವಠಾರವೂ ಇಲ್ಲ. 1970ರಲ್ಲಿ ಬೆಂಕಿ ಬಿದ್ದು ಮುಂಭಾಗ ಮಾತ್ರ ಉಳಿಯಿತು, ಹಿಂದೆ ಕಾಂಕ್ರೀಟಿನ ಕಟ್ಟಡ ಎದ್ದಿತು. ನಮಗೆ ಕಾಣುವುದು ಒಂದು ಗಾಜಿನ ಕಿಟಕಿ, ಅದರೊಳಗೆ ಹಳೇ ಫೋಟೋಗಳು. ಅದಕ್ಕೇ ಮೂಗು ಒತ್ತಿ ನಿಂತಿದ್ದೆವು, ನಾನಾ ದೇಶದವರು.

ಇಷ್ಟು ಕಲಾವಿದರು ಈ ಗುಡ್ಡಕ್ಕೇ ಯಾಕೆ ಬಂದರು? ಕಾರಣ ತೀರಾ ಸಾದಾ. 1860ರವರೆಗೆ ಇದು ಪ್ಯಾರಿಸ್ಸಿನ ಹೊರಗಿನ ಹಳ್ಳಿ. ಊರೊಳಗೆ ವೈನಿಗೆ ಸುಂಕ, ಇಲ್ಲಿ ಇಲ್ಲ. ಊರಿಗೆ ಸೇರಿದ ಮೇಲೂ ಬಾಡಿಗೆ ಕಮ್ಮಿಯೇ ಇತ್ತು. ಬಾಡಿಗೆ ಅಗ್ಗ, ಕುಡಿತವೂ ಅಗ್ಗ, ಕಲಾವಿದನಿಗೆ ಇನ್ನೇನು ಬೇಕು? ಇವತ್ತಿನ ಬಾಡಿಗೆ ಕೇಳಿದರೆ ಬಡ ಪಿಕಾಸೊ ಮೆಟ್ಟಿಲಲ್ಲೇ ವಾಪಸ್ ತಿರುಗುತ್ತಿದ್ದ.

ಈಗಿನ ಚಿತ್ರಗಾರರು ಸಿಗುವುದು ಪ್ಲಾಸ್ ದ್ಯು ತೆರ್ತ್ರ್ ಚೌಕದಲ್ಲಿ. ಕೂರಲು ನಗರಸಭೆಯ ಪರವಾನಗಿ ಬೇಕು. ಸಿಗುವುದು ಒಂದು ಚದರ ಮೀಟರ್, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. 'ಇದೆಲ್ಲ ಕಲೆಯಾ, ಟೂರಿಸ್ಟ್ ವ್ಯಾಪಾರ' ಅಂತ ಮೂಗು ಮುರಿಯುವವರು ಜಾಸ್ತಿ. ಅಂಥವರಿಗೆ ನಾನು ಲೊಲೊನ ಕಥೆ ಹೇಳುತ್ತೇನೆ. ಲೊಲೊ ಒಂದು ಕತ್ತೆ. ಇದೇ ಗುಡ್ಡದ ಲಾಪ್ಯಾಂ ಅಜಿಲ್ ಎಂಬ ಪಾನಗೃಹದ ಯಜಮಾನನದು. 1910ರಲ್ಲಿ ಕೆಲವು ತರಲೆಗಳು ಅದರ ಬಾಲಕ್ಕೆ ಕುಂಚ ಕಟ್ಟಿ ಚಿತ್ರ ಬರೆಸಿದರು. ಸಾಕ್ಷಿಗೆ ಕೋರ್ಟ್ ಅಮೀನನನ್ನೂ ನಿಲ್ಲಿಸಿಕೊಂಡಿದ್ದರು! ಬೊರೊನಾಲಿ ಎಂಬ, ಇಲ್ಲವೇ ಇಲ್ಲದ ಇಟಲಿಯ ಕಲಾವಿದನ ಹೆಸರಲ್ಲಿ ಅದು ದೊಡ್ಡ ಪ್ರದರ್ಶನದಲ್ಲಿ ತೂಗಿತು. ಆಮೇಲೆ ಅವರೇ ಗುಟ್ಟು ಬಿಚ್ಚಿದರು. ಅಂದಮೇಲೆ ಸ್ವಂತ ಕೈಯಿಂದ ಬರೆದು ಹೊಟ್ಟೆ ಹೊರೆಯುವವರ ಬಗ್ಗೆ ನಾನಂತೂ ಸುಮ್ನಿರುತ್ತೇನೆ.

ಸುಮ್ನಿದ್ದದ್ದು ಮಾತ್ರವಲ್ಲ, ಒಬ್ಬರ ಮುಂದೆ ಕೂತೂಬಿಟ್ಟೆ. ಇದ್ದಿಲಿನ ಕಡ್ಡಿ ಹಿಡಿದು ಮೊದಲು ಕಣ್ಣು ಬರೆದರು. ಹೆಬ್ಬೆರಳಿಂದ ಕೆನ್ನೆ ತಿಕ್ಕಿ ನೆರಳು ಮಾಡಿದರು. ಉಗುರಿನ ಸಂದಿಯೆಲ್ಲ ಕಪ್ಪು. ಅವರ ಬೆನ್ನ ಹಿಂದೆ ಜನ ಸೇರಿದರು. ಹಾಳೆ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಮತ್ತೆ ಹಾಳೆ. ಒಬ್ಬಾಕೆ ಫೋಟೋ ತೆಗೆದರು. ಪ್ರವಾಸಿಯಾಗಿ ಬಂದವನು ಪ್ರೇಕ್ಷಣೀಯ ಸ್ಥಳವೇ ಆಗಿಹೋದೆ.

ಮುಗಿದ ಮೇಲೆ ಹಾಳೆ ಮೊದಲು ನನ್ನಾಕೆಯ ಕೈಗೆ ಹೋಯಿತು.

"ರೀ, ಇಷ್ಟೊಂದು ಕೂದಲು ಯಾವಾಗ ಇತ್ತು ನಿಮಗೆ?"

ಚೌಕಾಸಿ ಮಾಡದೆ ದುಡ್ಡು ಕೊಟ್ಟೆ.