ಟೈರ್ ಡಿಸೈನ್ ಕದ್ದರೂ ಅದು ಕಳ್ಳತನವೇ

ಇವತ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಗೆ ಹೋಗಿದ್ದೆ. ಬೈಕಿನ ಹಿಂದಿನ ಟೈರ್ ಬೋಳಾಗಿತ್ತು. ಬೇಕಾದ ಕಂಪನಿಯ ಹೆಸರು ಹೇಳಿದೆ. ಅಂಗಡಿಯವರು ಒಳಗಿಂದ ಬೇರೆ ಯಾವುದೋ ಟೈರ್ ಉರುಳಿಸಿಕೊಂಡು ಬಂದು, "ಸಾರ್, ಡಿಸೈನ್ ಅದೇ, ರೇಟ್ ಕಮ್ಮಿ. ಇದನ್ನೇ ಹಾಕಿಸಿ" ಅಂದರು.

ಬಗ್ಗಿ ನೋಡಿದೆ. ಹೌದು, ಡಿಸೈನ್ ಅದೇ. ನಡುವಿನ ಗೆರೆ ಅದೇ ತಿರುವಿನಲ್ಲಿ ಬಾಗಿದೆ. ಅಂಚಿನ ಬಟನ್‌ಗಳ (ಗೆರೆಗಳ ನಡುವೆ ಉಬ್ಬಿ ನಿಂತ ರಬ್ಬರ್ ತುಂಡುಗಳ) ಮೂಲೆಯಲ್ಲಿ ಕೊಟ್ಟಿದ್ದ ಸಣ್ಣ ಕಚ್ಚು ಕೂಡ ಅದೇ ಜಾಗದಲ್ಲಿದೆ. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಮೈ ಮೇಲಿನ ಹೆಸರು ಮಾತ್ರ ಬೇರೆ. "ಇದು ನಕಲು ಅಲ್ವಾ?" ಅಂದೆ. "ಟೈರ್ ತಾನೇ ಸಾರ್, ಅದರಲ್ಲೇನು ನಕಲು?" ಅಂದರು. ನಾನು ಕೇಳಿದ್ದನ್ನೇ ಹಾಕಿಸಿಕೊಂಡು ಬಂದೆ, ಆದರೆ ಮೈ ಉರಿಯುವುದು ಇನ್ನೂ ನಿಂತಿಲ್ಲ.

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಟೈರ್ ಮೋಲ್ಡ್‌ಗಳ (ಟೈರ್ ಅಚ್ಚುಗಳ) ಡ್ರಾಯಿಂಗ್ ಮಾಡುವುದೇ ನನ್ನ ಹೊಟ್ಟೆಪಾಡು. ಒಂದು ಪ್ಯಾಟರ್ನ್ ಸುಮ್ನೆ ಹುಟ್ಟುವುದಿಲ್ಲ. ಬಟನ್‌ಗಳೆಲ್ಲ ಒಂದೇ ಅಳತೆಯಲ್ಲಿದ್ದರೆ ಗಾಡಿ ಓಡುವಾಗ ಟೈರ್ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತದೆ. ಅದಕ್ಕೇ ಉದ್ದ, ಮಧ್ಯಮ, ಗಿಡ್ಡ ಅಂತ ಮಾಡಿ ಸುತ್ತಲೂ ಕಲಸಿ ಜೋಡಿಸುತ್ತೇವೆ. ಕಾರ್ ಟೈರಿನ ಬಟನ್ ಮೇಲೆ ಕೂದಲಿನಷ್ಟು ಸಣ್ಣ ಸೀಳುಗಳಿರುತ್ತವಲ್ಲ, ಅವಕ್ಕಾಗಿ ಮೋಲ್ಡ್ ಒಳಗೆ ತೆಳು ಉಕ್ಕಿನ ಪಟ್ಟಿಗಳನ್ನು ಒಂದೊಂದಾಗಿ ಕೂರಿಸಬೇಕು. ಇಷ್ಟೆಲ್ಲ ಆದ ಮೇಲೂ ಅದು ನೋಡಲು ಚೆನ್ನಾಗಿರಬೇಕು. ಆ ಚಂದಕ್ಕಾಗಿಯೇ ಗೆರೆ ಅಳಿಸಿ, ಮತ್ತೆ ಎಳೆದು, ಮತ್ತೆ ಅಳಿಸುತ್ತೇವೆ. ನಕಲು ಮಾಡುವವರಿಗೆ ಈ ಗೋಳು ಯಾವುದೂ ಇಲ್ಲ. ಒಂದು ಟೈರ್ ಕೊಂಡು, ಸ್ಕ್ಯಾನ್ ಮಾಡಿ, ಕಂಪ್ಯೂಟರಿಗೆ ಇಳಿಸಿ, ಮೋಲ್ಡ್ ಕೊರೆದರೆ ಕೆಲಸ ಮುಗಿಯಿತು.

ಸೀರೆಯ ಅಂಚಿನ ಡಿಸೈನ್ ಕದ್ದರೆ ನೇಕಾರರ ಹೊಟ್ಟೆ ಉರಿಯುತ್ತದೆ ಅಂತ ಎಲ್ಲರಿಗೂ ಅರ್ಥವಾಗುತ್ತದೆ. ಟೈರ್ ಅಂದ ತಕ್ಷಣ ಯಾಕೆ ಅರ್ಥವಾಗುವುದಿಲ್ಲ?

ಕಾನೂನಿಗಂತೂ ಅರ್ಥವಾಗಿದೆ. ನಮ್ಮ 2000ದ ಡಿಸೈನ್ಸ್ ಕಾಯ್ದೆಯಲ್ಲಿ ಕಣ್ಣಿಗೆ ಕಾಣುವ ಆಕಾರ, ಗೆರೆ, ಅಲಂಕಾರ ಎಲ್ಲಕ್ಕೂ ರಕ್ಷಣೆ ಇದೆ. ನೋಂದಣಿ ಮಾಡಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ಆ ಡಿಸೈನ್ ನಿಮ್ಮದು. ಡಿಸೈನ್‌ಗಳನ್ನು ವರ್ಗ ಮಾಡುವ ಲೊಕಾರ್ನೊ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಟೈರಿಗೆ ಅಂತಲೇ 12-15 ಎಂಬ ಜಾಗವಿದೆ. ಪ್ರಪಂಚವೇ ಒಪ್ಪಿಕೊಂಡಿರುವ ವಿಷಯ ಇದು!

"ಟೈರಿನ ಗೆರೆ ಇರುವುದು ನೀರು ಹೊರಹಾಕಲು, ಗ್ರಿಪ್ ಸಿಗಲು. ಅದರಲ್ಲಿ ಅಲಂಕಾರ ಎಲ್ಲಿಂದ ಬಂತು?" ಅಂತ ಕೆಲವರು ವಾದ ಮಾಡುತ್ತಾರೆ. ಬರೀ ಯಂತ್ರದ ಕೆಲಸಕ್ಕೆ ಈ ಕಾಯ್ದೆಯಲ್ಲಿ ರಕ್ಷಣೆ ಇಲ್ಲ, ಅದು ನಿಜ. ಸದ್ದು ಕಡಿಮೆ ಮಾಡುವ ಉಪಾಯ ಬೇಕಿದ್ದರೆ ಪೇಟೆಂಟ್ ದಾರಿ ಹಿಡಿಯಬೇಕು. ಆದರೆ ನೀರು ಹೊರಹಾಕಲು ಒಂದೇ ಥರದ ಗೆರೆ ಬೇಕು ಅಂತ ಯಾರು ಹೇಳಿದರು? ಹಾಗಿದ್ದರೆ ಅದೇ ಅಂಗಡಿಯ ಗೋಡೆಯ ಮೇಲೆ ಅಷ್ಟೊಂದು ಥರದ ಪ್ಯಾಟರ್ನ್ ಯಾಕೆ ತೂಗುತ್ತಿದ್ದವು? ಟ್ರೆಡ್ ಪ್ಯಾಟರ್ನ್ (ರಸ್ತೆಗೆ ತಾಗುವ ಮೈಮೇಲಿನ ಡಿಸೈನ್) ನಕಲಿನ ಬಗ್ಗೆ ಅಪೊಲೊ ಟೈರ್ಸ್ ಹೂಡಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2017ರಲ್ಲಿ ಕಂಪನಿಯ ಪರವಾಗಿ ತಡೆಯಾಜ್ಞೆ ಕೊಟ್ಟಿತು. ಇನ್ನು ಬಡವರಿಗೆ ಅಗ್ಗದ ಟೈರ್ ಸಿಗಲಿ ಅನ್ನುವವರಿಗೂ ಒಂದು ಮಾತು. ಸಿಗಲಿ, ಖಂಡಿತ ಸಿಗಲಿ. ನಿಮ್ಮದೇ ಗೆರೆ ಎಳೆದು ಅಗ್ಗಕ್ಕೆ ಮಾರಿ, ಯಾರು ಬೇಡ ಅಂದರು?

ನನಗೆ ಜಾಸ್ತಿ ಸಂಕಟವಾಗುವುದು ದಂಡದ ಮೊತ್ತ ನೋಡಿದಾಗ. ಒಂದು ಸಲದ ನಕಲಿಗೆ ಹೆಚ್ಚೆಂದರೆ 25,000 ರೂಪಾಯಿ. ಒಂದು ಡಿಸೈನಿಗೆ ಒಟ್ಟು 50,000 ದಾಟುವ ಹಾಗಿಲ್ಲ. ಅದು ಬೇಡ ಅಂದರೆ ನಷ್ಟ ಪರಿಹಾರಕ್ಕೆ, ತಡೆಯಾಜ್ಞೆಗೆ ದಾವೆ ಹೂಡಬಹುದು. ದೊಡ್ಡ ಕಂಪನಿಗಳು ಹೂಡುತ್ತವೆ. ಪೀಣ್ಯದ ಸಣ್ಣ ಶೆಡ್‌ನವರು ಕೆಲಸ ಬಿಟ್ಟು ಕೋರ್ಟಿಗೆ ಅಲೆಯುವುದು ಹೇಗೆ? ಈ ಮೊತ್ತ ಏರಲೇಬೇಕು.

ಈ ಫೀಲ್ಡಿಗೆ ಹೊಸದಾಗಿ ಬಂದಿರುವ ಹುಡುಗ ಹುಡುಗಿಯರೇ, ದಯವಿಟ್ಟು ಕೇಳಿ. ಡಿಸೈನ್ ಮುಗಿದ ಖುಷಿಯಲ್ಲಿ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಬೇಡಿ. ಅರ್ಜಿಗೆ ಮೊದಲೇ ಅದು ಎಲ್ಲರ ಕಣ್ಣಿಗೆ ಬಿದ್ದರೆ ಹೊಸದು ಅನ್ನಿಸಿಕೊಳ್ಳುವುದಿಲ್ಲ, ನೋಂದಣಿ ಕೈತಪ್ಪಿ ಹೋಗುತ್ತದೆ. ಮೊದಲು ಅರ್ಜಿ, ಆಮೇಲೆ ಫೋಟೋ. ನೋಂದಣಿ ಮಾಡುವ ಪೇಟೆಂಟ್ ಕಚೇರಿಯ ಡಿಸೈನ್ ವಿಭಾಗ ಇರುವುದು ಕೋಲ್ಕತ್ತದಲ್ಲಿ, ಆದರೆ ಅರ್ಜಿಯನ್ನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. ಸ್ವಂತ ಹೆಸರಿನಲ್ಲಿ ಹಾಕುವವರಿಗೆ ಅರ್ಜಿ ಶುಲ್ಕ 1,000 ರೂಪಾಯಿ. ಎದುರಿಂದ, ಪಕ್ಕದಿಂದ, ಓರೆಯಾಗಿ ಕಾಣುವ ಚಿತ್ರಗಳನ್ನು ಸರಿಯಾಗಿ ಕೊಡಬೇಕು. ಅಲ್ಲೇ ತುಂಬಾ ಜನ ಎಡವುತ್ತಾರೆ. ಡ್ರಾಯಿಂಗ್ ರೆಡಿ ಇರುವವರು ನನಗೆ ಮೆಸೇಜ್ ಮಾಡಿ. ಭಾನುವಾರ ಬಿಡುವಾಗಿರುತ್ತೇನೆ, ಜೊತೆಗೆ ಕೂತು ಅರ್ಜಿ ತುಂಬಿಸೋಣ.